ಒಂಬತ್ತು ಎಕರೆ ಬೆಟ್ಟದ ಸತ್ವ ಎಲ್ಲಿ ಸೋರುತ್ತದೆ? ಶಿರಸಿ ಸೀಮೆಯ ಅಡಿಕೆ ತೋಟದ ಪೋಷಕಾಂಶ ಲೆಕ್ಕ

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆ ತೋಟವೊಂದನ್ನೇ ನೋಡಿದರೆ ಏನೂ ಅರ್ಥವಾಗುವುದಿಲ್ಲ. ಕಣಿವೆಯ ತಳದಲ್ಲಿ ತೋಟ, ಅದರ ಮಗ್ಗುಲಲ್ಲಿ ಗದ್ದೆ, ಸ್ವಲ್ಪ ಎತ್ತರದಲ್ಲಿ ಮನೆ ಮತ್ತು ಕೊಟ್ಟಿಗೆ, ಅದರ ಹಿಂದೆ ಏರಿಹೋಗುವ ಸೊಪ್ಪಿನ ಬೆಟ್ಟ. ಬೆಟ್ಟದ ನೆಲ ಸರ್ಕಾರದ್ದು. ಅಲ್ಲಿಂದ ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ತರುವ ಹಕ್ಕು ತೋಟಕ್ಕೆ ಅಂಟಿಕೊಂಡು ಬಂದದ್ದು. 1801ರಲ್ಲಿ ಶಿರಸಿ ಬಳಿಯ ಸೋಂದಾ ಸೀಮೆಯನ್ನು ಹಾದುಹೋದ, ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅಡಿಕೆ ತೋಟಗಳ ಬೇಸಾಯವನ್ನು ವಿವರವಾಗಿ ದಾಖಲಿಸಿದ್ದಾನೆ. 1862ರಲ್ಲಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆಮೇಲಿನ ಅರಣ್ಯ ವ್ಯವಸ್ಥೆಯಲ್ಲಿ ಘಟ್ಟದ ಮೇಲಿನ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಅಳತೆ ನಿಂತಿತು. ಕೊಡಗಿನ ಬಾಣೆ, ದಕ್ಷಿಣ ಕನ್ನಡದ ಕುಮ್ಕಿ ಇದೇ ಜಾತಿಯ ಹಕ್ಕುಗಳು. ಆದರೆ ಬೆಟ್ಟ ಮತ್ತು ತೋಟ ಇಷ್ಟು ಬಿಗಿಯಾಗಿ ಹೆಣೆದುಕೊಂಡ ಜಾಗ ಶಿರಸಿ ಸೀಮೆಯೇ.

ಇಂದು ಬಹಳಷ್ಟು ಬೆಟ್ಟಗಳು ಬೋಳಾಗಿವೆ. ಕಾರಣ ಕೇಳಿದರೆ ಸಿಗುವ ಉತ್ತರ ಒಂದೇ: ತೋಟ ಬೆಟ್ಟವನ್ನು ತಿಂದಿತು. ಈ ಉತ್ತರ ಅರ್ಧ ಸತ್ಯ. ಪೋಷಕಾಂಶಗಳನ್ನು ಹಂತಹಂತವಾಗಿ ಲೆಕ್ಕ ಹಾಕಿದರೆ, ಅಡಿಕೆಯಾಗಿ ಮಾರುಕಟ್ಟೆಗೆ ಹೋಗುವ ಸತ್ವ ಬಹಳ ಕಡಿಮೆ ಎಂದು ತಿಳಿಯುತ್ತದೆ. ಬೆಟ್ಟದಿಂದ ಇಳಿದುಬಂದದ್ದರಲ್ಲಿ ಹೆಚ್ಚಿನ ಪಾಲು ಕೊಟ್ಟಿಗೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ, ತೋಟದ ಕಾದಿಗೆಯಲ್ಲಿ (ಬಸಿಗಾಲುವೆಯಲ್ಲಿ) ಕಳೆದುಹೋಗುತ್ತದೆ. ಆ ಸೋರಿಕೆ ತುಂಬಲು ಮತ್ತೆ ಬೆಟ್ಟ ಹತ್ತಬೇಕಾಗುತ್ತದೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಒಂದು ಎಕರೆ ತೋಟ, 2.7 ಮೀಟರ್ ಅಂತರದಲ್ಲಿ ನೆಟ್ಟ ಸುಮಾರು 550 ಮರ, ಒಂಬತ್ತು ಎಕರೆ ಬೆಟ್ಟ (3.64 ಹೆಕ್ಟೇರ್), ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಆಕಳು. ಸೊಪ್ಪು, ಸೆಗಣಿ, ಗೊಬ್ಬರಗಳ ಸತ್ವಾಂಶಕ್ಕೆ ಸಾಮಾನ್ಯವಾಗಿ ಒಪ್ಪಿತವಾದ ಮಧ್ಯಮ ಅಂಕಿಗಳನ್ನು ಬಳಸಿದೆ. ಬೇರೆ ತೋಟದಲ್ಲಿ ಅಂಕಿ ಕಾಲುಪಾಲು ಆಚೀಚೆ ಆಗಬಹುದು. ಚಿತ್ರದ ಆಕಾರ ಬದಲಾಗುವುದಿಲ್ಲ.

ಬೆಟ್ಟದಲ್ಲಿ ಸತ್ವ ನಿಲ್ಲುವುದು ಮಣ್ಣಿನಲ್ಲಲ್ಲ

ಇಲ್ಲಿನದು ಜಂಬಿಟ್ಟಿಗೆ ಮಣ್ಣು. ಸಾವಿರಾರು ವರ್ಷಗಳ ಮಳೆ ಅದರ ಸುಣ್ಣ, ಪೊಟ್ಯಾಶ್, ಮೆಗ್ನೀಷಿಯಂಗಳನ್ನು ತೊಳೆದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿದೆ. ಇಂಥ ಮಣ್ಣಿನ ರಸಸಾರ (pH) ಸಾಮಾನ್ಯವಾಗಿ 5ರಿಂದ 5.5. ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಇದ್ದ ಅಲ್ಪ ಶಕ್ತಿಯೂ ಮೇಲಿನ ಒಂದು ಗೇಣು ಕಪ್ಪು ಮಣ್ಣಿನಲ್ಲಿ, ಅಂದರೆ ಕೊಳೆತ ಎಲೆಯಿಂದಾದ ಹ್ಯೂಮಸ್‌ನಲ್ಲಿದೆ. ಹೀಗಿದ್ದೂ ಇಲ್ಲಿ ದಟ್ಟ ಕಾಡು ಬೆಳೆದದ್ದು ಹೇಗೆ? ಮರ ತನಗೆ ಬೇಕಾದದ್ದನ್ನು ಮಣ್ಣಿಗೆ ಬಿಟ್ಟುಕೊಡದೆ ಸುತ್ತು ಹೊಡೆಸುತ್ತದೆ. ಎಲೆ ಬಿದ್ದು, ಗೆದ್ದಲು, ಚೋರಟೆ, ಅಣಬೆಗಳು ಅದನ್ನು ಪುಡಿ ಮಾಡಿ, ಮೊದಲ ಮಳೆಗೆ ಬಿಡುಗಡೆಯಾದ ಸತ್ವವನ್ನು ಮೇಲ್ಪದರದ ಬೇರುಗಳು ಅಲ್ಲೇ ಹೀರುತ್ತವೆ. ಈ ಸುತ್ತು ಎಲ್ಲಿ ತುಂಡಾದರೂ ಮಣ್ಣಿನಲ್ಲಿ ಹೇಳಿಕೊಳ್ಳುವ ಸಂಗ್ರಹ ಇಲ್ಲ.

ಮತ್ತಿ, ಕಿಂದಳ, ತಾರೆ, ಜಂಬೆ, ಕವಲು, ನೇರಳೆ ಮುಂತಾದವು ಬೆಟ್ಟದ ಮುಖ್ಯ ಮರಗಳು. ಇವುಗಳಿಂದ ತರುವ ಸೊಪ್ಪು ಎರಡು ಬಗೆ. ಹಸಿ ಸೊಪ್ಪು ಎಂದರೆ ಕೊಂಬೆ ಸವರಿ ತಂದದ್ದು. ದರಕು ಎಂದರೆ ಬೇಸಿಗೆಯಲ್ಲಿ ತಾನಾಗಿ ಉದುರಿದ್ದನ್ನು ಗುಡಿಸಿ ತಂದದ್ದು. ತೂಕಕ್ಕೆ ತೂಕ ಇವೆರಡೂ ಸಮವಲ್ಲ. ಎಲೆ ಉದುರಿಸುವ ಮೊದಲು ಮರ ಅದರಲ್ಲಿನ ಸಾರಜನಕ ಮತ್ತು ರಂಜಕದ ಸರಿಸುಮಾರು ಅರ್ಧವನ್ನು ಟೊಂಗೆಗೆ ವಾಪಸು ಎಳೆದುಕೊಳ್ಳುತ್ತದೆ. ಹೀಗಾಗಿ ಒಣತೂಕದ ಮೇಲೆ ಹಸಿ ಸೊಪ್ಪಿನಲ್ಲಿ ಸುಮಾರು ಶೇ 1.8 ಸಾರಜನಕ ಮತ್ತು ಶೇ 0.1 ರಂಜಕ ಇದ್ದರೆ, ದರಕಿನಲ್ಲಿ ಅವು ಶೇ 0.9 ಮತ್ತು ಶೇ 0.05ರ ಹತ್ತಿರ ಇರುತ್ತವೆ. ಒಂದು ಹೊರೆ ಹಸಿ ಸೊಪ್ಪು ಕಡಿದರೆ, ಮರ ತನಗೆಂದು ಉಳಿಸಿಕೊಳ್ಳಬೇಕಿದ್ದ ಅರ್ಧವನ್ನೂ ಹೊತ್ತು ತಂದಂತೆ. ಬೆಟ್ಟದ ದೃಷ್ಟಿಯಿಂದ ದರಕು ಅಗ್ಗ, ಹಸಿ ಸೊಪ್ಪು ದುಬಾರಿ. ಎಷ್ಟು ಹೊರೆ ತಂದೆವು ಎಂದು ಎಣಿಸುವುದಕ್ಕಿಂತ ಯಾವುದನ್ನು ತಂದೆವು ಎಂದು ನೋಡುವುದು ಮುಖ್ಯ.

ಪೊಟ್ಯಾಶ್‌ನ ನಡತೆ ಬೇರೆ. ಅದು ಎಲೆಯ ಯಾವ ಭಾಗಕ್ಕೂ ಗಟ್ಟಿಯಾಗಿ ಅಂಟಿಕೊಂಡಿಲ್ಲ, ಜೀವಕೋಶದ ನೀರಿನಲ್ಲಿ ಕರಗಿಕೊಂಡಿದೆ. ಎಲೆ ಕೊಳೆಯುವ ತನಕ ಅದು ಕಾಯುವುದಿಲ್ಲ. ಒಣಗಿ ಬಿದ್ದ ಎಲೆಯ ಮೇಲೆ ಒಂದೆರಡು ಜೋರು ಮಳೆ ಸುರಿದರೆ ಬಹುಪಾಲು ಪೊಟ್ಯಾಶ್ ತೊಳೆದುಹೋಗುತ್ತದೆ. ಬೆಟ್ಟದಲ್ಲೇ ತೊಳೆದರೆ ನಷ್ಟವಿಲ್ಲ, ಬೇರು ಹಿಡಿಯುತ್ತದೆ. ಆದರೆ ಗುಡಿಸಿ ಅಂಗಳದಲ್ಲೋ ರಸ್ತೆ ಬದಿಯಲ್ಲೋ ರಾಶಿ ಹಾಕಿದ ದರಕಿನ ಮೇಲೆ ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಹೊಡೆದರೆ ಅಲ್ಲಿ ಹರಿಯುವ ಕಂದು ನೀರಿನಲ್ಲಿ ಪೊಟ್ಯಾಶ್ ಹೋಯಿತೆಂದೇ ಲೆಕ್ಕ. ಶಿವರಾತ್ರಿಯ ಆಸುಪಾಸಿನಲ್ಲಿ ದರಕು ಗುಡಿಸಿ, ಮಳೆ ತಾಗುವ ಮೊದಲೇ ದರಕಿನ ಮನೆಗೆ ತುಂಬುವ ಹಳೆಯ ಪದ್ಧತಿಯಲ್ಲಿ ಈ ಲೆಕ್ಕ ಅಡಗಿದೆ.

ಬೆಂಕಿ ಬಿದ್ದರೆ ಇನ್ನೊಂದು ಬಗೆಯ ನಷ್ಟ. ಎಲೆಯ ಸಾರಜನಕ ಹೊಗೆಯಾಗಿ ಗಾಳಿಗೆ ಸೇರುತ್ತದೆ. ರಂಜಕ, ಪೊಟ್ಯಾಶ್, ಸುಣ್ಣ ಬೂದಿಯಲ್ಲಿ ಉಳಿಯುತ್ತವೆ. ಆದರೆ ಬೋಳು ಇಳಿಜಾರಿನ ಬೂದಿಯನ್ನು ಮುಂಗಾರಿನ ಮೊದಲ ನೀರೇ ಹಳ್ಳಕ್ಕೆ ಇಳಿಸುತ್ತದೆ.

ಕೊಟ್ಟಿಗೆ: ಎರಡು ಚೀಲ ಯೂರಿಯಾ ಆವಿಯಾಗುವ ಜಾಗ

ಈ ವ್ಯವಸ್ಥೆಯಲ್ಲಿ ಆಕಳಿನ ಮೊದಲ ಕೆಲಸ ಹಾಲಲ್ಲ. ಒರಟು ಎಲೆಯನ್ನು ತೋಟಕ್ಕೆ ಒಗ್ಗುವ ಗೊಬ್ಬರ ಮಾಡುವುದು. ಒಣ ದರಕಿನಲ್ಲಿ ಇಂಗಾಲ ಸುಮಾರು ಶೇ 50, ಸಾರಜನಕ ಶೇ 0.9. ಅಂದರೆ 55ಕ್ಕೆ 1. ಇಂಥದ್ದನ್ನು ನೇರ ಮಣ್ಣಿನಲ್ಲಿ ಹೂತರೆ ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಲು ಮಣ್ಣಿನಲ್ಲಿದ್ದ ಸಾರಜನಕವನ್ನೂ ಕಿತ್ತುಕೊಳ್ಳುತ್ತವೆ, ಅಡಿಕೆ ಗರಿ ಹಳದಿಯಾಗುತ್ತದೆ. ಇಂಗಾಲ–ಸಾರಜನಕದ ಅನುಪಾತ 25ರ ಹತ್ತಿರ ಬಂದ ಮೇಲೆ ಮಾತ್ರ ಗೊಬ್ಬರ ಕೊಡುವ ಕಡೆಗೆ ತಿರುಗುತ್ತದೆ.

ಆ ಇಳಿಕೆ ಆಗುವುದು ಹೆಚ್ಚಾಗಿ ಗಂಜಳದಿಂದ, ಸೆಗಣಿಯಿಂದ ಅಷ್ಟಲ್ಲ. ಎರಡು ಆಕಳು ದಿನಕ್ಕೆ 16 ಲೀಟರ್ ಗಂಜಳ ಬಿಡುತ್ತವೆ, ಲೀಟರಿಗೆ 7 ಗ್ರಾಂ ಸಾರಜನಕ ಎಂದು ಹಿಡಿಯೋಣ. ದಿನಕ್ಕೆ 112 ಗ್ರಾಂ, ವರ್ಷಕ್ಕೆ 40 ಕಿಲೋ. 45 ಕಿಲೋ ಚೀಲದ ಯೂರಿಯಾ ಎರಡು ಚೀಲಕ್ಕೆ ಇದು ಸಮ. ಈಗ ದಿನಕ್ಕೆ 8 ಕಿಲೋ ಒಣ ದರಕು ಹಾಸಿದರೆ, ಅದು ತನ್ನ ತೂಕದ ಸುಮಾರು ಎರಡು ಪಟ್ಟು ದ್ರವ ಹೀರಬಲ್ಲದಾದ್ದರಿಂದ ಅಷ್ಟೂ ಗಂಜಳವನ್ನು ಕುಡಿಯುತ್ತದೆ. ಆ ಹಾಸಿನಲ್ಲಿ 4 ಕಿಲೋ ಇಂಗಾಲ, 184 ಗ್ರಾಂ ಸಾರಜನಕ. ಅನುಪಾತ 55ರಿಂದ 22ಕ್ಕೆ ಇಳಿಯಿತು, ಸೆಗಣಿ ಸೇರುವ ಮೊದಲೇ. ವರ್ಷಕ್ಕೆ ಬೇಕಾಗುವ ದರಕು ಸುಮಾರು 3 ಟನ್.

ಆದರೆ ಗಂಜಳದ ಸಾರಜನಕ ಇರುವುದು ಯೂರಿಯಾ ರೂಪದಲ್ಲಿ. ಸೆಗಣಿ ಮೆತ್ತಿದ ನೆಲದ ಸೂಕ್ಷ್ಮಜೀವಿಗಳು ಅದನ್ನು ಒಂದೆರಡು ದಿನದಲ್ಲೇ ಅಮೋನಿಯ ಮಾಡುತ್ತವೆ. ಬೆಳಗಿನ ಜಾವ ಕೊಟ್ಟಿಗೆ ಬಾಗಿಲು ತೆಗೆದಾಗ ಕಣ್ಣು ಚುರುಗುಟ್ಟಿಸುವ ವಾಸನೆ ಅದೇ. ಸೊಪ್ಪಿನ ಹಾಸು ದಪ್ಪವಾಗಿ, ಒತ್ತಾಗಿ, ತೇವವಾಗಿ ಇದ್ದರೆ ಅಮೋನಿಯ ಅದರಲ್ಲಿ ಸಿಕ್ಕಿಬೀಳುತ್ತದೆ. ಹಾಸು ತೆಳುವಾದರೆ ಗಾಳಿಗೆ ಹೋಗುತ್ತದೆ. ಹಳೆಯ ಸೊಪ್ಪಿನ ಕೊಟ್ಟಿಗೆಯಲ್ಲಿ ಹಾಸಿನ ಮೇಲೆ ಹಾಸು ಹಾಕಿ, ಕೆಲವು ದಿನಗಳಿಗೊಮ್ಮೆ ಗೊಬ್ಬರ ತೆಗೆಯುತ್ತಿದ್ದರು. ಈಗಿನ ಸಿಮೆಂಟ್ ನೆಲದ ಕೊಟ್ಟಿಗೆಯನ್ನು ದಿನಕ್ಕೆರಡು ಸಲ ಪೈಪಿನಲ್ಲಿ ತೊಳೆಯುತ್ತಾರೆ. ಆಕಳಿನ ಮೈಗೆ, ಹಾಲಿನ ಶುಚಿಗೆ ಇದು ಒಳ್ಳೆಯದೇ. ತೊಳೆದ ನೀರು ಚರಂಡಿಗೆ ಹೋದರೆ ಮಾತ್ರ ಎರಡು ಚೀಲ ಯೂರಿಯಾ ಅದರ ಜೊತೆ ಹೋಗುತ್ತದೆ, ಗಂಜಳದ ಪೊಟ್ಯಾಶ್ ಕೂಡ. ಆಕಳು ವಿಸರ್ಜಿಸುವ ಪೊಟ್ಯಾಶ್‌ನ ಬಹುಪಾಲು ಇರುವುದು ಗಂಜಳದಲ್ಲೇ.

ಶಿರಸಿ, ಸಿದ್ದಾಪುರದ ಮನೆಮನೆಯಲ್ಲೂ ಕಾಣುವ ಗೋಬರ್ ಗ್ಯಾಸ್ ಇಲ್ಲಿ ಒಳ್ಳೆಯ ಜೊತೆಗಾರ. ಗ್ಯಾಸ್ ಆಗಿ ಒಲೆಗೆ ಹೋಗುವುದು ಇಂಗಾಲ ಮತ್ತು ಜಲಜನಕ. ಸಾರಜನಕ, ರಂಜಕ, ಪೊಟ್ಯಾಶ್ ಗ್ಯಾಸ್ ಗುಂಡಿಯಿಂದ ಹೊರಬರುವ ಬಗ್ಗಡದಲ್ಲೇ ಉಳಿಯುತ್ತವೆ. ಆದರೆ ಬಗ್ಗಡದ ಸಾರಜನಕದ ದೊಡ್ಡ ಪಾಲು ಅಮೋನಿಯಂ ರೂಪಕ್ಕೆ ಬಂದಿರುತ್ತದೆ. ಅದನ್ನು ತೆರೆದ ಗುಂಡಿಯಲ್ಲಿ ಬಿಸಿಲಿಗೆ ಒಣಗಿಸಿದರೆ ಅದೂ ಹಾರುತ್ತದೆ. ಒಣಗಿಸಬಾರದು, ದರಕಿನ ಮೇಲೆ ಸುರಿಯಬೇಕು.

ಗುಂಡಿಯೊಳಗೆ 89 ಕಿಲೋ, ಹೊರಗೆ 33 ಕಿಲೋ

ವರ್ಷದ ಸಾರಜನಕವನ್ನು ಕೂಡೋಣ. ದರಕು 3 ಟನ್, ಅದರಲ್ಲಿ 27 ಕಿಲೋ. ಗಂಜಳದಲ್ಲಿ 40 ಕಿಲೋ. ಎರಡು ಆಕಳಿನ ಸೆಗಣಿ ದಿನಕ್ಕೆ 20 ಕಿಲೋದಂತೆ ವರ್ಷಕ್ಕೆ 7.3 ಟನ್, ಅದರಲ್ಲಿ 22 ಕಿಲೋ. ಒಟ್ಟು 89 ಕಿಲೋ. ಇಷ್ಟು ಸಾಮಗ್ರಿ ಕೊಳೆತು ಒಣತೂಕ ಅರ್ಧಕ್ಕಿಳಿದರೆ ಸಿಗುವ ತೇವದ ಗೊಬ್ಬರ 6ರಿಂದ 7 ಟನ್. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5. 6.6 ಟನ್ನಿಗೆ 33 ಕಿಲೋ. ನಡುವಿನ 56 ಕಿಲೋ ಕೊಟ್ಟಿಗೆ ಮತ್ತು ಗುಂಡಿಯ ನಡುವೆ ಕಾಣೆಯಾಗಿದೆ.

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್, ಜೊತೆಗೆ 12 ಕಿಲೋ ಹಸಿ ಸೊಪ್ಪು ಮತ್ತು 12 ಕಿಲೋ ಗೊಬ್ಬರ ಎಂಬುದು ಪ್ರಚಲಿತ ಶಿಫಾರಸು. ಗೊಬ್ಬರದ ಲೆಕ್ಕದಲ್ಲಿ ರಂಜಕ, ಪೊಟ್ಯಾಶ್ ಎಂದರೆ ಅವುಗಳ ಆಕ್ಸೈಡ್ ಅಳತೆ. 550 ಮರಕ್ಕೆ 55 ಕಿಲೋ ಸಾರಜನಕ. ಕೊಟ್ಟಿಗೆಯಿಂದ ಗುಂಡಿಯವರೆಗೆ ಕಳೆದುಹೋದದ್ದೂ ಹತ್ತಿರಹತ್ತಿರ ಅಷ್ಟೇ! ಅಂಗಡಿಯಿಂದ ತರುವ ಸಾರಜನಕದ ಒಂದು ವರ್ಷದ ಪ್ರಮಾಣ ಮನೆಯ ಹಿತ್ತಿಲಲ್ಲೇ ಹೋಗುತ್ತಿದೆ.

ಕಾರಣ ತೆರೆದ ಗುಂಡಿ. ಶಿರಸಿ ಸೀಮೆಯ ಮಳೆ ವರ್ಷಕ್ಕೆ ಸುಮಾರು 2500 ಮಿಲಿಮೀಟರ್, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 4 ಮೀಟರ್ ಉದ್ದ, 3 ಮೀಟರ್ ಅಗಲದ ಗುಂಡಿಯ ಬಾಯಿಗೆ ಬೀಳುವ ನೀರು 30,000 ಲೀಟರ್. ಅಂಗಳದಿಂದ ಹರಿದು ಬರುವುದು ಬೇರೆ. ಮೊದಲು ಪೊಟ್ಯಾಶ್ ಇಳಿಯುತ್ತದೆ, ಜೊತೆಗೆ ನೈಟ್ರೇಟ್. ಕೆಳಗೆ ನೀರು ತುಂಬಿ ಗಾಳಿ ಸಿಗದ ಪದರದಲ್ಲಿ ಉಳಿದ ನೈಟ್ರೇಟ್ ಸಾರಜನಕ ಅನಿಲವಾಗಿ ಹೊರಟುಹೋಗುತ್ತದೆ. ಗುಂಡಿಯ ಪಕ್ಕ ಕಪ್ಪು ನೀರು ಒಸರುತ್ತಿದ್ದರೆ, ಅದರ ಕೆಳಗಿನ ಇಳಿಜಾರಿನಲ್ಲಿ ಹುಲ್ಲು ಕಡು ಹಸಿರಾಗಿ ಸೊಕ್ಕಿ ಬೆಳೆದಿದ್ದರೆ, ಪ್ರಯೋಗಾಲಯದ ವರದಿ ಬೇಕಿಲ್ಲ.

ರಂಜಕದ ಕಥೆ ಉಲ್ಟಾ. ಅದು ಗಾಳಿಗೆ ಹೋಗುವುದಿಲ್ಲ, ನೀರಿಗೂ ಅಷ್ಟಾಗಿ ಇಳಿಯುವುದಿಲ್ಲ. ಗುಂಡಿಗೆ ಹೋದ ರಂಜಕ ಬಹುಮಟ್ಟಿಗೆ ಹಾಗೆಯೇ ತೋಟಕ್ಕೆ ಬರುತ್ತದೆ.

ತೋಟಕ್ಕೆ ಬಂದದ್ದು, ತೋಟದಿಂದ ಹೋದದ್ದು

ಹಸಿ ಸೊಪ್ಪು ಮರಕ್ಕೆ 12 ಕಿಲೋದಂತೆ 6.6 ಟನ್. ನೀರು ಕಳೆದರೆ ಒಣತೂಕ 2.4 ಟನ್, ಅದರಲ್ಲಿ 43 ಕಿಲೋ ಸಾರಜನಕ, 2.4 ಕಿಲೋ ರಂಜಕ ಧಾತು. ಗೊಬ್ಬರದಿಂದ 33 ಕಿಲೋ ಸಾರಜನಕ, 5.7 ಕಿಲೋ ರಂಜಕ ಧಾತು. ಎರಡೂ ಸೇರಿ ತೋಟಕ್ಕೆ 76 ಕಿಲೋ ಸಾರಜನಕ, 8 ಕಿಲೋಗೆ ಸ್ವಲ್ಪ ಮೇಲೆ ರಂಜಕ. ಗೊಬ್ಬರದ ರಂಜಕದಲ್ಲಿ ದರಕಿನಿಂದ ಬಂದದ್ದು ಒಂದೂವರೆ ಕಿಲೋ ಮಾತ್ರ. ಉಳಿದದ್ದು ಆಕಳು ತಿಂದ ಹುಲ್ಲಿನದ್ದು, ಹಿಂಡಿಯದ್ದು. ಬಯಲುಸೀಮೆಯ ಹತ್ತಿ, ಶೇಂಗಾ ಬೆಳೆದ ಹೊಲಗಳ ರಂಜಕ ಹಿಂಡಿ ಚೀಲದಲ್ಲಿ ಘಟ್ಟ ಹತ್ತುತ್ತದೆ, ಗದ್ದೆಯದು ಹುಲ್ಲಿನ ಕಟ್ಟಿನಲ್ಲಿ ಬರುತ್ತದೆ. ಗದ್ದೆ ಬೇಸಾಯ ಬಿಟ್ಟ ಮನೆಗಳಲ್ಲಿ ಈ ಎರಡನೆಯ ದಾರಿ ಮುಚ್ಚಿದೆ.

ಹೊರಹೋಗುವುದೆಷ್ಟು? ಎಕರೆಗೆ 10 ಕ್ವಿಂಟಲ್ ಒಣ ಅಡಿಕೆ ಎಂದು ಉದಾರವಾಗಿಯೇ ಹಿಡಿಯೋಣ. ಅಡಿಕೆಯಲ್ಲಿ ಪ್ರೋಟೀನ್ ಶೇ 7ರ ಆಸುಪಾಸು, ಆದ್ದರಿಂದ ಸಾರಜನಕ ಶೇ 1.1. ಇಡೀ ಬೆಳೆಯಲ್ಲಿ ಮಾರುಕಟ್ಟೆ ಸೇರುವುದು 11 ಕಿಲೋ ಸಾರಜನಕ, ಒಂದು ಕಿಲೋಗಿಂತ ತುಸು ಹೆಚ್ಚು ರಂಜಕ. ಕಾಳುಮೆಣಸು, ಬಾಳೆ, ಏಲಕ್ಕಿ ಇನ್ನಷ್ಟು ಒಯ್ಯುತ್ತವೆ. ಬಿದ್ದ ಸೋಗೆ, ಹಾಳೆ ತೋಟದಲ್ಲೇ ಕೊಳೆತರೆ ಒಳಸುತ್ತಿನಲ್ಲೇ ಉಳಿದವು.

ಹಾಗಾದರೆ ಮಿಕ್ಕ ಅರವತ್ತಕ್ಕೂ ಹೆಚ್ಚು ಕಿಲೋ ಸಾರಜನಕ? ಹೊಸ ತೋಟದಲ್ಲಿ ಅದರ ಒಂದು ಭಾಗ ಮರದ ಕಾಂಡದಲ್ಲೂ ಮಣ್ಣಿನ ಹ್ಯೂಮಸ್‌ನಲ್ಲೂ ಜಮೆಯಾಗುತ್ತದೆ. ಆದರೆ ತಲೆಮಾರುಗಳಿಂದ ಸೊಪ್ಪು ಕಂಡ ಹಳೆಯ ತೋಟದ ಮಣ್ಣು ವರ್ಷವರ್ಷ ಸಮೃದ್ಧವಾಗುತ್ತ ಹೋಗುವುದಿಲ್ಲ, ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿ ಒಳಬಂದಷ್ಟೂ ಯಾವುದೋ ದಾರಿಯಿಂದ ಹೊರಹೋಗುತ್ತಿದೆ ಎಂದೇ ಅರ್ಥ.

ಮೊದಲ ದಾರಿ ಕಾದಿಗೆ. ಕಣಿವೆ ತೋಟಕ್ಕೆ ಬಸಿಗಾಲುವೆ ಇಲ್ಲದೆ ಗತಿಯಿಲ್ಲ. ಬೇರಿಗೆ ಗಾಳಿ ಬೇಕು, ನೀರು ನಿಂತರೆ ಬೇರು ಕೊಳೆಯುತ್ತದೆ. ಆದರೆ ಅದೇ ಕಾದಿಗೆ ಜೂನ್–ಜುಲೈಯಲ್ಲಿ ನೈಟ್ರೇಟನ್ನೂ ಪೊಟ್ಯಾಶನ್ನೂ ಹಳ್ಳಕ್ಕೆ ಒಯ್ಯುತ್ತದೆ. ಮಳೆಗಾಲಕ್ಕೆ ಮುಂಚೆ ಮಾಗಿದ ಗೊಬ್ಬರವನ್ನೆಲ್ಲ ಒಟ್ಟಿಗೆ ಕೊಟ್ಟರೆ ಅತಿ ಹೆಚ್ಚು ನಷ್ಟ ಇಲ್ಲೇ. ಎರಡನೆಯದು ಹೂಳು. ಕಾದಿಗೆಯಲ್ಲಿ ಕೂತ ನುಣುಪು ಮಣ್ಣನ್ನು ಬೇಸಿಗೆಯಲ್ಲಿ ತೆಗೆದು ಮರದ ಬುಡಕ್ಕೆ ಎತ್ತಿಹಾಕುವ ಕೆಲಸ ಹಿಂದೆ ತಪ್ಪುತ್ತಿರಲಿಲ್ಲ. ಕೂಲಿ ದುಬಾರಿಯಾದ ಮೇಲೆ ಹೂಳನ್ನು ಕೊನೆಯ ತನಕ ಹರಿಯಬಿಡುತ್ತಾರೆ. ಮಣ್ಣಿನ ಕಣಕ್ಕೆ ಅಂಟಿದ ರಂಜಕ ತೋಟದಿಂದ ಹೋಗುವ ಮುಖ್ಯ ದಾರಿ ಅದೇ. ಮೂರನೆಯದು ನೀರು ಕಟ್ಟಿದ ಮೂಲೆಗಳು. ಅಲ್ಲಿ ಕೊಟ್ಟ ಸಾರಜನಕ ಬೇರಿಗೆ ಸಿಗದೆ ಅನಿಲವಾಗುತ್ತದೆ.

ಇನ್ನೊಂದು ಅಡಿಕೆ ಸಿಪ್ಪೆ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ, ಮರ ಎಳೆದುಕೊಂಡ ಪೊಟ್ಯಾಶ್‌ನ ಗಣನೀಯ ಪಾಲು ಅದರಲ್ಲಿದೆ. ಸುಲಿಯುವ ಕಾಲದಲ್ಲಿ ರಸ್ತೆ ಬದಿಗೆ ಸುರಿದ ಸಿಪ್ಪೆ ರಾಶಿಗಳನ್ನು ಮಲೆನಾಡಿನಲ್ಲಿ ನೋಡದವರಿಲ್ಲ. ಗಟ್ಟಿ ನಾರಿನ ಸಿಪ್ಪೆ ಬೇಗ ಕೊಳೆಯುವುದಿಲ್ಲ ಎಂಬುದು ನಿಜ. ಪೊಟ್ಯಾಶ್ ಮಾತ್ರ ಕೊಳೆಯಲು ಕಾಯದೆ ಮೊದಲ ಮಳೆಗೇ ತೊಳೆದು ಹೋಗುತ್ತದೆ. ಹಾಳೆ ತಟ್ಟೆಗೆ ಹಾಳೆ ಮಾರುವುದು ಇತ್ತೀಚಿನ ಇನ್ನೊಂದು ಹೊರದಾರಿ. ಆದಾಯ ಬರುತ್ತದೆ, ಮಾರಲಿ. ಹೋದದ್ದನ್ನು ಲೆಕ್ಕದಲ್ಲಿ ಬರೆದುಕೊಳ್ಳಬೇಕು ಅಷ್ಟೆ.

ಅಡಿಕೆ ಕಾಯಿಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮಾತೂ ಇಲ್ಲಿ ಬರಬೇಕು. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಎಕರೆಗೆ ಒಂದು ಸುತ್ತಿಗೆ 400 ಲೀಟರ್ ಬೇಕೆಂದರೆ 1 ಕಿಲೋ ತಾಮ್ರ ತೋಟಕ್ಕೆ ಇಳಿಯಿತು. ತಾಮ್ರ ಹ್ಯೂಮಸ್‌ಗೆ ಅಂಟಿ ಮೇಲ್ಪದರದಲ್ಲೇ ಕೂರುತ್ತದೆ, ವರ್ಷವರ್ಷ ಕೂಡುತ್ತದೆ. ಎರೆಹುಳು, ಅಣಬೆಗಳಿಗೆ ಅತಿಯಾದ ತಾಮ್ರ ವಿಷ. ಕೊಳೆಸುವವರೇ ಕಡಿಮೆಯಾದರೆ ಹಾಕಿದ ಸೊಪ್ಪು ವರ್ಷವಾದರೂ ಎಲೆಯ ಆಕಾರದಲ್ಲೇ ಬಿದ್ದಿರುತ್ತದೆ. ಕೊಳೆರೋಗದ ಸೀಮೆಯಲ್ಲಿ ಔಷಧಿ ಬಿಡಲಾಗದು. ಮಣ್ಣು ಪರೀಕ್ಷೆಗೆ ಕೊಟ್ಟಾಗ ತಾಮ್ರವನ್ನೂ ನೋಡಿ ಎಂದು ಕೇಳಬೇಕು, ಬುಡದಲ್ಲಿ ಸುರಿದು ಹೋಗುವ ದ್ರಾವಣ ಕಡಿಮೆಯಾಗುವಂತೆ ಹೊಡೆಯಬೇಕು.

ಬೆಟ್ಟದ ಬಾಕಿ

ಬೆಟ್ಟದಿಂದ ವರ್ಷಕ್ಕೆ ಹೊರಟದ್ದು ಒಣತೂಕದಲ್ಲಿ 5.4 ಟನ್, ಅದರಲ್ಲಿ 70 ಕಿಲೋ ಸಾರಜನಕ, 3.9 ಕಿಲೋ ರಂಜಕ. ಒಂಬತ್ತು ಎಕರೆಗೂ ಹಂಚಿದರೆ ಹೆಕ್ಟೇರಿಗೆ 19 ಕಿಲೋ ಸಾರಜನಕ, 1.1 ಕಿಲೋ ರಂಜಕ. ಸಾರಜನಕದ ಒಂದು ಭಾಗವನ್ನು ಮಳೆ ತಂದುಕೊಡುತ್ತದೆ, ಹೊನ್ನೆ, ಬೀಟೆಯಂಥ ದ್ವಿದಳ ಮರಗಳ ಬೇರುಗಂಟು ಇನ್ನಷ್ಟು ಕಟ್ಟಿಕೊಡುತ್ತದೆ. ಬೆಟ್ಟ ನಿಜವಾಗಿ ಒಂಬತ್ತು ಎಕರೆಯೂ ಮರ ತುಂಬಿದ್ದರೆ ಈ ಭಾರ ದೊಡ್ಡದಲ್ಲ.

ಮರ ಉಳಿದಿರುವುದು ಮೂರೇ ಎಕರೆಯಲ್ಲಿ ಎಂದಾಗ ಲೆಕ್ಕ ಕೆಡುತ್ತದೆ. ಅದೇ ಸೊಪ್ಪಿಗೆ ಹೆಕ್ಟೇರಿಗೆ ನಾಲ್ಕೂವರೆ ಟನ್ ಒಣತೂಕ, 58 ಕಿಲೋ ಸಾರಜನಕ, 3.2 ಕಿಲೋ ರಂಜಕ. ಇದು ಆ ಮರಗಳು ವರ್ಷದಲ್ಲಿ ಬಿಡುವ ಎಲೆಯ ಹತ್ತಿರ ಹತ್ತಿರ ಪೂರ್ತಿ. ನೆಲಕ್ಕೆ ಏನೂ ಉಳಿಯುವುದಿಲ್ಲ. ಎಲೆ ಹಾಸು ಇಲ್ಲದ ನೆಲಕ್ಕೆ ಮಳೆ ಹನಿ ನೇರ ಬಡಿದು ಮೇಲ್ಮೈ ಬಿಗಿಯುತ್ತದೆ, ನೀರು ಇಂಗದೆ ಹರಿಯುತ್ತದೆ, ಕಪ್ಪು ಪದರ ಹೋಗಿ ಜಂಬಿಟ್ಟಿಗೆ ತಲೆಯೆತ್ತುತ್ತದೆ. ಖಾಲಿಯಾದ ಜಾಗಕ್ಕೆ ಕಮ್ಯುನಿಸ್ಟ್ ಗಿಡ ಎಂಬ ಕಳೆ ನುಗ್ಗುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತ ಅದು ಬೆಂಕಿಗೆ ಸೌದೆ. ಬೋಳು ಬೆಟ್ಟಗಳಿಗೆ ನೆಟ್ಟ ಅಕೇಶಿಯಾ ಸಾರಜನಕ ಕಟ್ಟುವ ಮರವೇನೋ ಹೌದು. ಅದರ ದಪ್ಪ ತೊಗಲಿನಂಥ ಎಲೆ ಕೊಟ್ಟಿಗೆಯಲ್ಲಿ ಗಂಜಳ ಹೀರುವುದೂ ಕಡಿಮೆ, ಕೊಳೆಯುವುದೂ ನಿಧಾನ. ಸೊಪ್ಪಿನ ಮರ ಎಂದು ಅದನ್ನು ಕರೆಯಲಾಗದು.

ರಂಜಕದ ಮಾತು ಬೇರೆಯೇ. ಮಳೆಯಾಗಲಿ ಬೇರುಗಂಟಾಗಲಿ ಅದನ್ನು ತಂದುಕೊಡುವುದಿಲ್ಲ. ಧೂಳಿನಲ್ಲಿ ಬರುವುದು ಚೂರುಪಾರು, ಹಳೆಯ ಜಂಬಿಟ್ಟಿಗೆಯ ಕೆಳಗಿನ ಬಂಡೆ ಬಿಡುವುದೂ ಅಷ್ಟಕ್ಕಷ್ಟೆ. ಹೋದ ರಂಜಕ ಹೋದಂತೆಯೇ. ಅದು ಎಲ್ಲಿದೆ? ತೋಟದಲ್ಲಿ. ವರ್ಷಕ್ಕೆ 8 ಕಿಲೋ ಬರುತ್ತದೆ, ಅಡಿಕೆಯೊಂದಿಗೆ ಒಂದು ಕಿಲೋ ಹೋಗುತ್ತದೆ, ಹೂಳಿನ ಜೊತೆ ಹರಿದದ್ದು ಬಿಟ್ಟರೆ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂಗಳಿಗೆ ಅಂಟಿ ಮಣ್ಣಲ್ಲೇ ಕೂರುತ್ತದೆ. ತಲೆಮಾರುಗಳ ಸೊಪ್ಪಿನಿಂದ ಬೆಟ್ಟದ ರಂಜಕ ತೋಟದ ಠೇವಣಿಯಾಗಿದೆ. ಅದರ ಮೇಲೆ ಪ್ರತಿ ವರ್ಷ ರಾಕ್ ಫಾಸ್ಫೇಟ್ (ರಂಜಕದ ಕಲ್ಲುಪುಡಿ) ಸುರಿಯುವುದು ಹಳೆಯ ತೋಟದಲ್ಲಿ ಹಲವು ಸಲ ದಂಡ.

ಎಲ್ಲಿಂದ ಸರಿಪಡಿಸುವುದು

ಮೊದಲ ಖರ್ಚು ಗುಂಡಿಯ ಮಾಡಿಗೆ, ಅಂದರೆ ಚಾವಣಿಗೆ. ಬೇರೆ ಯಾವ ಸುಧಾರಣೆಗೂ ಇಷ್ಟು ಬೇಗ ಫಲ ಬರುವುದಿಲ್ಲ. ಕಂಬ ನೆಟ್ಟು ತಗಡು ಅಥವಾ ಸೋಗೆ ಹೊದಿಸಿ, ಎರಚಲು ಒಳಬರದಂತೆ ಆ ಚಾವಣಿ ಗುಂಡಿಯ ಅಂಚಿನಿಂದ ಒಂದು ಮೀಟರ್ ಹೊರಚಾಚಲಿ. ಅಂಗಳದ ನೀರು ಒಳನುಗ್ಗದಂತೆ ಸುತ್ತ ಒಂದು ಗೇಣು ಎತ್ತರದ ಕಟ್ಟೆ ಕಟ್ಟಬೇಕು. ಗುಂಡಿಯ ಆಳ ಒಂದು ಮೀಟರ್ ದಾಟಬಾರದು, ಅದಕ್ಕಿಂತ ಆಳದಲ್ಲಿ ಗಾಳಿಯಿಲ್ಲದೆ ಹುಳಿಯುತ್ತದೆ. ಅರ್ಧ ಅಡಿ ದರಕು, ಅದರ ಮೇಲೆ ಬಗ್ಗಡ ಅಥವಾ ಸೆಗಣಿ ನೀರು, ತೆಳ್ಳಗೆ ಮಣ್ಣು, ಹೀಗೆ ಪದರ ಪದರ. ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ನೀರು ತೊಟ್ಟಿಕ್ಕಬಾರದು. ಅಮೋನಿಯದ ವಾಸನೆ ಬಂದರೆ ದರಕು ಸಾಲದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿದೆ. ಬಿಸಿಯೇರದೆ ತಣ್ಣಗಿದ್ದರೆ ಒಂದೋ ಒಣಗಿದೆ, ಇಲ್ಲವೇ ಸೆಗಣಿ ಕಡಿಮೆಯಾಗಿದೆ. ಸುಣ್ಣವನ್ನು ಗುಂಡಿಗೆ ಎಂದೂ ಹಾಕಬಾರದು. ಅದು ಅಮೋನಿಯವನ್ನು ಓಡಿಸುತ್ತದೆ.

ಕೊಟ್ಟಿಗೆ ಸಿಮೆಂಟಿನದಾದರೆ ಗಂಜಳಕ್ಕೆ ಪ್ರತ್ಯೇಕ ಕಾಲುವೆ ಬೇಕು, ಅದರ ಕೊನೆಗೆ ದರಕು ತುಂಬಿದ ತೊಟ್ಟಿ. ತೊಟ್ಟಿಯ ದರಕು ನೆನೆದಂತೆ ತೆಗೆದು ಗುಂಡಿಗೆ ಹಾಕಿ ಹೊಸದು ತುಂಬುವುದು. ತೊಳೆಯುವ ಮೊದಲು ಒಮ್ಮೆ ಕಸಬರಿಗೆಯಲ್ಲಿ ಎಳೆದರೆ ನೀರಿನ ಪ್ರಮಾಣ ಬಹಳ ಇಳಿಯುತ್ತದೆ.

ಕಳೆದುಹೋಗುತ್ತಿದ್ದ 56 ಕಿಲೋದಲ್ಲಿ ಅರ್ಧ ಉಳಿದರೂ 28 ಕಿಲೋ ಆಯಿತು. ಬೆಟ್ಟದಿಂದ ಹಸಿ ಸೊಪ್ಪಾಗಿ ಬರುತ್ತಿದ್ದದ್ದು 43 ಕಿಲೋ. ಅಂದರೆ ಹಸಿ ಸೊಪ್ಪು ಕಡಿಯುವುದನ್ನು ಅರ್ಧಕ್ಕೂ ಕೆಳಗೆ ಇಳಿಸಬಹುದು, ತೋಟಕ್ಕೆ ಸಾರಜನಕದ ಕೊರತೆ ಮಾಡದೆ. ಮುಚ್ಚಿಗೆಗೆ ಎಲೆ ಕಡಿಮೆಯಾಯಿತು ಎಂದರೆ ಆ ಜಾಗಕ್ಕೆ ಸೋಗೆ, ಹಾಳೆ, ಸಿಪ್ಪೆ ಬರಲಿ. ಕಾಸರಗೋಡಿನ ಕೇಂದ್ರೀಯ ತೋಟಪಟ್ಟಿ ಬೆಳೆಗಳ ಸಂಶೋಧನಾ ಸಂಸ್ಥೆ ಅಡಿಕೆ ತೋಟದ ಕಸವನ್ನು ಕತ್ತರಿಸಿ, ಸೆಗಣಿ ಬೆರೆಸಿ ಎರೆಗೊಬ್ಬರ ಮಾಡುವ ಕ್ರಮವನ್ನು ಹರಡಿದೆ. ಹೆಕ್ಟೇರ್ ತೋಟದಲ್ಲಿ ವರ್ಷಕ್ಕೆ ಇಂಥ ಕಸ ಐದಾರು ಟನ್ ಸಿಗುತ್ತದೆ. ಸಿಪ್ಪೆಯನ್ನು ಸುಲಿದ ವಾರದಲ್ಲೇ ಮಾಡಿನ ಕೆಳಗೆ ಸೇರಿಸಿ ಬಗ್ಗಡದಲ್ಲಿ ನೆನೆಸಿಟ್ಟರೆ ಪೊಟ್ಯಾಶ್ ಉಳಿಯುತ್ತದೆ, ನಾರು ನಿಧಾನವಾಗಿ ಕೊಳೆಯಲಿ.

ಗೊಬ್ಬರ ಕೊಡುವ ಕಾಲ ಸೆಪ್ಟೆಂಬರ್ ಕೊನೆ–ಅಕ್ಟೋಬರ್, ಮಳೆಯ ರಭಸ ಇಳಿದು ಮಣ್ಣಲ್ಲಿ ತೇವ ಇರುವಾಗ. ಬುಡದ ಸುತ್ತ 75 ಸೆಂಟಿಮೀಟರ್‌ನಿಂದ ಒಂದು ಮೀಟರ್ ದೂರದವರೆಗಿನ ಪಾತಿಯಲ್ಲಿ ಹರಡಿ ಮೇಲೆ ಸೊಪ್ಪು ಮುಚ್ಚುವುದು. ಅಡಿಕೆಯ ಉಣ್ಣುವ ಬೇರು ಇರುವುದು ಬುಡದ ಹತ್ತಿರ, ಮೇಲ್ಪದರದಲ್ಲಿ. ಆಳಕ್ಕೆ ಅಗೆದರೆ ಬೇರು ಕಡಿದುಹೋಗುತ್ತದೆ. ರಸಗೊಬ್ಬರ ಬಳಸುವವರು ಮೂರನೇ ಒಂದನ್ನು ಮುಂಗಾರಿನ ಮುಂಚೆ, ಮೂರನೇ ಎರಡನ್ನು ಹಿಂಗಾರಿನಲ್ಲಿ ಕೊಡಬೇಕು. ಪೊಟ್ಯಾಶ್ ಈ ತೋಟಗಳಲ್ಲಿ ನಿಜಕ್ಕೂ ಕಡಿಮೆ ಬೀಳುವ ಅಂಶ. ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ರಂಜಕವನ್ನು ಮಾತ್ರ ಮಣ್ಣು ಪರೀಕ್ಷೆ ನೋಡದೆ ಕೊಡಬೇಡಿ. ರಸಸಾರ 5ರ ಆಸುಪಾಸಿದ್ದರೆ ಎರಡು–ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋ ಸುಣ್ಣ ಕೊಟ್ಟರೆ ಅಂಟಿ ಕೂತ ರಂಜಕದ ಒಂದಷ್ಟು ಬಿಡುಗಡೆಯಾಗುತ್ತದೆ. ಸುಣ್ಣಕ್ಕೂ ಗೊಬ್ಬರಕ್ಕೂ ನಡುವೆ ಎರಡು–ಮೂರು ವಾರ ಅಂತರವಿರಲಿ.

ಬೆಟ್ಟವನ್ನು ಮೂರು ಪಾಲು ಮಾಡುವುದು ಒಳ್ಳೆಯದು. ಒಂದು ಪಾಲಿನಲ್ಲಿ ಸೊಪ್ಪು, ಒಂದರಲ್ಲಿ ದರಕು ಮಾತ್ರ, ಒಂದಕ್ಕೆ ಪೂರ್ಣ ವಿರಾಮ. ಎರಡು–ಮೂರು ವರ್ಷಕ್ಕೊಮ್ಮೆ ಸರದಿ ಬದಲಾಗಲಿ. ಸವರುವಾಗ ಮರದ ಮೇಲಿನ ಮೂರನೇ ಒಂದು ಭಾಗ ಮುಟ್ಟದೆ ಬಿಡಬೇಕು. ದರಕನ್ನು ಕಸಬರಿಗೆ ಹಾಕಿ ಚೊಕ್ಕ ಗುಡಿಸದೆ, ಕೆಳಗಿನ ಅರೆಕೊಳೆತ ಪದರ ಅಲ್ಲೇ ಉಳಿಯುವಂತೆ ಮೇಲಿಂದ ಎತ್ತಬೇಕು. ಸತ್ವ ಹೆಚ್ಚಿರುವುದೂ ಸಸಿ ಮೊಳೆಯುವುದೂ ಆ ಪದರದಲ್ಲೇ. ಇಳಿಜಾರಿಗೆ ಅಡ್ಡವಾಗಿ ತುಂಡು ತುಂಡು ಇಂಗುಗುಂಡಿ ತೋಡಿದರೆ ಹರಿದುಹೋಗುವ ಎಲೆ, ಮಣ್ಣು ಅಲ್ಲಿ ನಿಲ್ಲುತ್ತದೆ. ಸಸಿ ನೆಡಲು ಅದೇ ಗುಂಡಿಯ ಕೆಳ ಅಂಚು ಸರಿ.

ಕೊನೆಗೆ ರಂಜಕದ ಬಾಕಿ. ಬೆಟ್ಟದಿಂದ ವರ್ಷಕ್ಕೆ ಹೋಗುವುದು 3.9 ಕಿಲೋ ಧಾತು, ಗೊಬ್ಬರದ ಅಳತೆಯಲ್ಲಿ ಸುಮಾರು 9 ಕಿಲೋ. ಶೇ 20ರ ರಾಕ್ ಫಾಸ್ಫೇಟ್ ಲೆಕ್ಕದಲ್ಲಿ 45 ಕಿಲೋ. ಒಂಬತ್ತು ಎಕರೆಗೆ ವರ್ಷಕ್ಕೆ 50 ಕಿಲೋದ ಒಂದು ಚೀಲವೂ ಬೇಡ. ಪರೀಕ್ಷೆಯಲ್ಲಿ ರಂಜಕ ಸಾಕಷ್ಟಿದೆ ಎಂದು ತಿಳಿದ ತೋಟಕ್ಕೆ ಸುರಿಯುತ್ತಿದ್ದ ಚೀಲವನ್ನು ಬೆಟ್ಟಕ್ಕೆ ಹೊರುವುದೇ ನ್ಯಾಯ. ಹುಳಿ ಮಣ್ಣಿನಲ್ಲಿ ರಾಕ್ ಫಾಸ್ಫೇಟ್ ನಿಧಾನವಾಗಿ ಕರಗುತ್ತದೆ, ಮರಕ್ಕೆ ಅದೇ ಅನುಕೂಲ. ಮೇಲಿಂದ ಎರಚಬಾರದು, ಮೊದಲು ತಿನ್ನುವುದು ಕಮ್ಯುನಿಸ್ಟ್ ಗಿಡ. ಮತ್ತಿ, ನೇರಳೆ, ಹೊನ್ನೆ ಸಸಿ ನೆಡುವ ಗುಂಡಿಗೆ ಹಿಡಿ ಗೊಬ್ಬರದೊಂದಿಗೆ ನೂರು–ಇನ್ನೂರು ಗ್ರಾಂ ಬೆರೆಸಿ ಮುಚ್ಚಬೇಕು. ಒಂದು ಚೀಲಕ್ಕೆ 250ರಿಂದ 500 ಸಸಿ ಆಗುತ್ತವೆ. ಮುಂಗಾರು ಹಿಡಿದ ಮೊದಲ ಎರಡು ವಾರದಲ್ಲಿ ನೆಟ್ಟು, ದನ ನುಗ್ಗದಂತೆ ಬೇಲಿ ಹಾಕಿ, ಡಿಸೆಂಬರ್ ಒಳಗೆ ಸುತ್ತ ಬೆಂಕಿರೇಖೆ ಕಡಿದಿಡುವುದು.